ಆರ್ಥರ್ ಕಥಾಚಕ್ರದ ಅಭಿಮಾನಿ ಸಾಹಿತ್ಯ

ಬ್ರಿಟನ್ನಿನ ಐತಿಹ್ಯದ ದೊರೆ ಆರ್ಥರ್, ಅವನ ಕ್ಯಾಮೆಲಾಟ್ ಆಸ್ಥಾನ ಮತ್ತು ದುಂಡುಮೇಜಿನ ವೀರರನ್ನು ಕುರಿತು ಇಂದಿನ ಅಭಿಮಾನಿಗಳು ಹಣದ ಅಪೇಕ್ಷೆಯಿಲ್ಲದೆ ಬರೆಯುವ ಮರುಕಥನಗಳು. ಮೂಲ ಕಥೆಯೂ ಹಲವು ಕೈಗಳಲ್ಲಿ ಬೆಳೆದದ್ದೇ. 12ನೇ ಶತಮಾನದಲ್ಲಿ ಮಾನ್ಮತ್‌ನ ಜೆಫ್ರಿ ಲ್ಯಾಟಿನ್ನಿನಲ್ಲಿ ಬರೆದ ಚರಿತೆಯಲ್ಲಿ ಲಾನ್ಸೆಲಾಟ್ ಇಲ್ಲವೇ ಇಲ್ಲ. ಅವನನ್ನು ರಾಣಿ ಗ್ವಿನೆವಿಯರಳ ಪ್ರೇಮಿಯಾಗಿಸಿದವನು ಅದೇ ಶತಮಾನದ ಫ್ರೆಂಚ್ ಕವಿ ಕ್ರೆತಿಯಾಂ ದ ತ್ರುವಾ. ಥಾಮಸ್ ಮ್ಯಾಲರಿ ಇವನ್ನೆಲ್ಲ ಇಂಗ್ಲಿಷ್ ಗದ್ಯದಲ್ಲಿ ಹೊಂದಿಸಿದ್ದನ್ನು ವಿಲಿಯಂ ಕ್ಯಾಕ್ಸ್‌ಟನ್ 1485ರಲ್ಲಿ ಅಚ್ಚುಹಾಕಿದ. ಹೀಗಾಗಿ, ಅಭಿಮಾನಿ ಬರಹ ಮೂಲಕ್ಕೆ ಬಗೆದ ಅಪಚಾರವೆಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ.

ಈ ಬರವಣಿಗೆಗೆ ಹೊಸ ಹುರುಪು ತಂದದ್ದು ಬಿಬಿಸಿಯ ‘ಮರ್ಲಿನ್’ ಧಾರಾವಾಹಿ (2008–2012). ಪರಂಪರೆಯ ವೃದ್ಧ ಮಾಂತ್ರಿಕ ಮರ್ಲಿನ್ ಅಲ್ಲಿ ರಾಜಕುಮಾರ ಆರ್ಥರನ ಕವಚ ಉಜ್ಜುವ ಯುವ ಸೇವಕ. ಗ್ವಿನೆವಿಯರ್ ಅರಮನೆಯ ದಾಸಿ. ಅರಸ ಊಥರ್ ಮಾಂತ್ರಿಕರಿಗೆ ಮರಣದಂಡನೆ ವಿಧಿಸುವುದರಿಂದ ಮರ್ಲಿನ್ ತನ್ನ ಶಕ್ತಿಯನ್ನು ಒಡೆಯನಿಗೂ ತಿಳಿಯದಂತೆ ಮುಚ್ಚಿಡಬೇಕು. ಆ ಗುಟ್ಟು ರಟ್ಟಾಗುವ ಗಳಿಗೆಯನ್ನು ಅಭಿಮಾನಿಗಳು ಬಗೆಬಗೆಯಾಗಿ ಬರೆದಿದ್ದಾರೆ. ಇಬ್ಬರ ಸ್ನೇಹದಲ್ಲಿ ಪ್ರೇಮವನ್ನು ಕಂಡವರೂ ಅನೇಕರು. ಕೊನೆಯ ಕಂತಿನಲ್ಲಿ ಆರ್ಥರ್ ಸಾಯುತ್ತಾನೆ. ಮುದುಕನಾದ ಮರ್ಲಿನ್ ಇಂದಿನ ಕಾಲದ ರಸ್ತೆಯೊಂದರಲ್ಲಿ ನಡೆದುಹೋಗುತ್ತಾನೆ. ಆರ್ಥರ್ ಮರಳಿ ಬರುವನೆಂಬ ಹಳೆಯ ನಂಬಿಕೆಯೂ ಇದಕ್ಕೆ ಕೂಡಿಕೊಂಡು, ಅವನನ್ನು ಇಂದಿನ ಲೋಕಕ್ಕೆ ಎಬ್ಬಿಸಿ ತರುವ ಕಥೆಗಳದೇ ಒಂದು ಪ್ರಕಾರವಾಯಿತು.

ಇಂಥ ಬರಹಗಳ ಮುಖ್ಯ ನೆಲೆಗಳಲ್ಲೊಂದು ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಲಾಭರಹಿತ ಜಾಲಭಂಡಾರ. ಅದಕ್ಕೆ 2019ರಲ್ಲಿ ಹ್ಯೂಗೋ ಪ್ರಶಸ್ತಿ ಸಂದಿತು. ‘ಮರ್ಲಿನ್’ ಧಾರಾವಾಹಿಯ ಇನ್ನೊಂದು ಪಾತ್ರವಾದ ಮಾರ್ಗಾನಾಳ ಕಥೆಗಳು ಇಂಥ ಬರಹಗಳಲ್ಲಿ ವಿಶೇಷ ಗಮನಕ್ಕೆ ಅರ್ಹ. ತನ್ನಲ್ಲೇ ಮೂಡಿದ ಮಾಂತ್ರಿಕ ಶಕ್ತಿಗೆ ಹೆದರಿ ನಲುಗಿದ ಆಕೆಯನ್ನು ಧಾರಾವಾಹಿ ಖಳನಾಯಕಿಯಾಗಿಸಿತು. ಅಭಿಮಾನಿಗಳ ಕಥೆಗಳಲ್ಲಿ ಮರ್ಲಿನ್ ಸಕಾಲದಲ್ಲಿ ತನ್ನ ಗುಟ್ಟನ್ನು ಹೇಳಿ ಅವಳ ಕೈಹಿಡಿಯುತ್ತಾನೆ.