ಲಂಗರು ಮತ್ತು ಹಾಯಿ: ಕಡಲು ತಂದ ಪದಗಳು

ಹೊಸ ಸರ್ಕಾರ ಬಂದಾಗಲೆಲ್ಲ 'ಅಧಿಕಾರದ ಚುಕ್ಕಾಣಿ ಹಿಡಿದರು' ಎಂದು ಪತ್ರಿಕೆಗಳು ಬರೆಯುತ್ತವೆ. ಚುಕ್ಕಾಣಿ ಎಂದರೆ ಹಡಗಿನ ದಿಕ್ಕು ತಿರುಗಿಸುವ ಹಲಗೆ. ಅದರ ಮೂಲ ಅರಬ್ಬಿಯ 'ಸುಕ್ಕಾನ್'. ಕಡಲನ್ನೇ ಕಾಣದ ಊರಿನವರ ಬಾಯಲ್ಲೂ ಹೀಗೆ ನಾವಿಕರ ಮಾತು ನೆಲೆಸಿದೆ.

'ಲಂಗರು' ಪಾರಸಿಯಿಂದ ಬಂದ ಪದ. ಮಲಯಾಳಂ, ತಮಿಳಿನಲ್ಲಿ ಅದು 'ನಂಗೂರಂ' ಎಂದಾಗಿದೆ. ಪಾರಸಿಯಲ್ಲಿ ಅದಕ್ಕೆ ಎರಡು ಅರ್ಥ: ಹಡಗನ್ನು ಹಿಡಿದು ನಿಲ್ಲಿಸುವ ಭಾರ, ದಾರಿಹೋಕರಿಗೆ, ಬಡವರಿಗೆ ಅನ್ನ ನೀಡುವ ಸೂಫಿಗಳ ನೆಲೆ. ಸಿಖ್ಖರ ಗುರುದ್ವಾರದ 'ಲಂಗರ್' ಸಹ ಇದೇ ಪದ. ಅರಬ್ಬಿಯಲ್ಲಿ ಹಡಗು ನಿಲ್ಲುವ ತಾಣಕ್ಕೆ 'ಮರ್ಸಾ' ಎನ್ನುತ್ತಾರೆ. ಪವಿತ್ರ ಕುರ್‌ಆನ್ ಹೂದ್ ಅಧ್ಯಾಯದಲ್ಲಿ ಪ್ರವಾದಿ ನೂಹರ ನಾವೆ ತಂಗುವುದನ್ನು ಹೇಳುವಾಗಲೂ, ಬೇರೆಡೆ ಪರ್ವತಗಳನ್ನು 'ರವಾಸಿ' ಎಂದು ಕರೆಯುವಾಗಲೂ ಬಳಸಿರುವುದು ಇದೇ ಧಾತುವನ್ನು. ಅಲುಗದೆ ನಿಲ್ಲುವುದು ಎಂಬುದೇ ಅದರ ತಿರುಳು.

ಹಿಂದೆ ಲಂಗರು ಕಲ್ಲಿನದೂ ಆಗಿತ್ತು. ಗುಜರಾತ್, ಗೋವಾ ಕರಾವಳಿಯಲ್ಲಿ ದೊರೆತ 'ಇಂಡೋ-ಅರೇಬಿಯನ್' ಮಾದರಿಯ ಕಲ್ಲುಗಳಲ್ಲಿ ಹಗ್ಗಕ್ಕೆ ಒಂದು ದುಂಡು ತೂತು, ಮರದ ಕೊಕ್ಕೆ ತೂರಿಸಲು ಎರಡು ಚೌಕ ತೂತುಗಳಿವೆ.

'ಹಾಯಿ' ನಮ್ಮದೇ ಪದ. ಪಾಲು ಹಾಲಾದಂತೆ 'ಪಾಯಿ' ಹಾಯಿಯಾಯಿತು. ತಮಿಳಿನ 'ಪಾಯ್' ಚಾಪೆಯೂ ಹೌದು, ಹಾಯಿಯೂ ಹೌದು. ಚಾಪೆಯನ್ನೇ ಹಾಯಿಯಾಗಿ ಕಟ್ಟುತ್ತಿದ್ದ ಕಾಲದ ನೆನಪು ಆ ಪದದಲ್ಲಿದೆ. ಅರಬ್ಬರು ಹಾಯಿಗೆ 'ಶಿರಾ' ಎನ್ನುತ್ತಾರೆ. ಹಾಯಿ ಬಿಚ್ಚಲು ಗಾಳಿಯ ಋತು ಕಾಯಬೇಕಿತ್ತು. ಆ ಋತುವೇ 'ಮೌಸಿಮ್'; ಇಂಗ್ಲಿಷಿನ ಮಾನ್ಸೂನ್ ಹುಟ್ಟಿದ್ದು ಅದರಿಂದ.

ಹಡಗಿನ ಒಡೆಯ 'ನಾಖುದಾ'. ನಕ್ಷತ್ರ ನೋಡಿ ದಾರಿ ತೋರುವವನು 'ಮುಅಲ್ಲಿಮ್', ಅಂದರೆ ಗುರು. ಮದ್ರಸಾದ ಉಸ್ತಾದರಿಗೂ ಹಡಗಿನ ಮಾರ್ಗದರ್ಶಿಗೂ ಒಂದೇ ಹೆಸರು! 15ನೇ ಶತಮಾನದ ಇಬ್ನ್ ಮಾಜಿದ್ ಇಂಥ ಮುಅಲ್ಲಿಮ್. ತಾನು ಕಲಿತದ್ದನ್ನು ಗ್ರಂಥವಾಗಿ ಬರೆದಿಟ್ಟವರು. ಹಡಗಿನೊಡನೆ ವಿದ್ಯೆಯೂ ಬಂತು. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾರೆ.

ಯಂತ್ರದ ದೋಣಿಗಳು ಬಂದ ಮೇಲೆ ಹಾಯಿ ಇಳಿಯಿತು, ಅದರೊಡನೆ ಎಷ್ಟೋ ಪದಗಳೂ ಇಳಿದವು. ಮಂಜಿಗಳಲ್ಲಿ ದುಡಿದ ಹಿರಿಯರು ಕೆಲವರಾದರೂ ನಮ್ಮ ನಡುವೆ ಇದ್ದಾರೆ. ವಿದ್ಯಾರ್ಥಿಗಳು ರಜೆಯಲ್ಲಿ ಅವರ ಬಳಿ ಕುಳಿತು ಒಂದೊಂದು ಹಗ್ಗ, ಗಂಟು, ಗಾಳಿಯ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಇಬ್ನ್ ಮಾಜಿದ್ ಮಾಡಿದ್ದೂ ಅದನ್ನೇ.