ಕಡತದಿಂದ ಬೀಜದ ಹಾಳೆಗೆ

ಕಡತವೆಂಬ ಮಾತು ಕಿವಿಗೆ ಬಿದ್ದೊಡನೆ, ಸರ್ಕಾರದ ಕಚೇರಿಯಲ್ಲಿ ದಾರದಿಂದ ಬಿಗಿದು ಕಪಾಟಿನಲ್ಲಿ ಒಟ್ಟಿದ ಕಾಗದದ ಕಟ್ಟೊಂದು ನಮ್ಮ ಕಣ್ಣ ಮುಂದೆ ನಿಲ್ಲುವುದು. ಆದರೆ ನಮ್ಮ ಹಿರಿಯರು ಕಡತವೆಂದು ಕರೆಯುತ್ತಿದ್ದ ವಸ್ತುವಿನಲ್ಲಿ ಕಾಗದದ ಒಂದು ಚೂರೂ ಇರಲಿಲ್ಲ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಅಚ್ಚಾಗತೊಡಗಿದ ತನ್ನ ಚರಿತ್ರಗ್ರಂಥದಲ್ಲಿ ಅದನ್ನು ವಿವರಿಸಿರುವನು: 8 ಅಂಗುಲದಿಂದ 1 ಅಡಿಯವರೆಗೆ ಅಗಲ, 12ರಿಂದ 18 ಅಡಿಯವರೆಗೆ ಉದ್ದವುಳ್ಳ ಹತ್ತಿಬಟ್ಟೆಯ ಪಟ್ಟಿ, ಅದರ ಎರಡು ಮುಖಗಳಿಗೂ ಇದ್ದಲಪುಡಿ ಬೆರೆಸಿದ ಅಂಟಿನ ಲೇಪ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಪುಸ್ತಕ, ಬಿಚ್ಚಿದರೆ ಉದ್ದನೆಯ ಕರಿಯ ಹಲಗೆ. ಬಳಪದಿಂದ ಬರೆದ ಲೆಕ್ಕ ತೀರಿತೆಂದರೆ ಚಿಂದಿಯಿಂದ ಒರಸಿ ಅದರ ಮೇಲೆಯೇ ಹೊಸ ಲೆಕ್ಕವನ್ನು ಬರೆಯಬಹುದಾಗಿತ್ತು. ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳು ಇಂದಿಗೂ ಉಳಿದು ಚರಿತ್ರಕಾರರಿಗೆ ಆಧಾರವಾಗಿವೆ.

ಈ ಲೇಪದ ಅಂಟು ಹುಣಸೆಬೀಜದ್ದು. ಹಣ್ಣಿನ ಹುಳಿ ಅಡಿಗೆಮನೆಗೆ ಸಂದ ಮೇಲೆ ತಿಪ್ಪೆಗೆ ಹೋಗಬೇಕಾಗಿದ್ದ ಬೀಜವು, ಅರೆದು ಕುದಿಸಿದಾಗ ಬಟ್ಟೆಯನ್ನು ಬರಹಕ್ಕೆ ಯೋಗ್ಯವಾಗುವಂತೆ ಗಟ್ಟಿಗೊಳಿಸುತ್ತಿತ್ತು. ಚಳ್ಳಕೆರೆ ಸೀಮೆಯ ಕಂಬಳಿ ನೇಯುವವರಿಗೆ ಈ ಗುಣ ಹೊಸದಲ್ಲ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ಉಣ್ಣೆನೂಲಿಗೆ ಅವರು ಸವರುವುದೂ ಹುಣಸೆಬೀಜದ ಗಂಜಿಯನ್ನೇ. ಕಾವಲಿನಲ್ಲಿ ಮೇದ ಕುರಿಯ ತುಪ್ಪಟವೂ ಹೊಲದ ಬದುವಿನ ಮರದ ಬೀಜವೂ ಕೂಡಿ ಒಂದು ಕಂಬಳಿಯಾಗುವುದು. ಹತ್ತಿಬಟ್ಟೆಯೂ ಅದೇ ಬೀಜವೂ ಕೂಡಿ ಒಂದು ಪುಸ್ತಕವಾಗುವುದು.

ಬೀಜವನ್ನು ಹಾಳೆಯಂತೆ ತಟ್ಟಿ ಕಾಪಾಡುವ ಪದ್ಧತಿಯೂ ನಮ್ಮ ಮನೆಗಳಲ್ಲಿದ್ದಿತು. ನಮ್ಮ ಅಜ್ಜಿಯು ಹೀರೆ, ಸೋರೆ, ಕುಂಬಳಗಳ ಬೀಜವನ್ನು ಬೂದಿ ಬೆರೆತ ಸಗಣಿಯಲ್ಲಿ ಕಲಸಿ ಹಿತ್ತಿಲ ಗೋಡೆಗೆ ಬಿಲ್ಲೆಬಿಲ್ಲೆಯಾಗಿ ತಟ್ಟುತ್ತಿದ್ದಳು. ಒಣಗಿದ ಬಿಲ್ಲೆಯ ಮೇಲೆ ಅವಳ ನಾಲ್ಕು ಬೆರಳುಗಳ ಗುರುತು ವರ್ಷವಿಡೀ ಉಳಿಯುತ್ತಿತ್ತು. ಹುಳು ಅದರ ಹತ್ತಿರ ಸುಳಿಯುತ್ತಿರಲಿಲ್ಲ; ಮುಂಗಾರಿನ ಮೊದಲ ಹದಮಳೆ ಬಿದ್ದ ಮರುದಿನ ಬಿಲ್ಲೆಯನ್ನು ಗೋಡೆಯಿಂದ ಕಿತ್ತು, ಮುರಿದು, ಗೊಬ್ಬರದ ಸಮೇತ ಪಾತಿಯಲ್ಲಿ ಊರುವಳು. ಇಂದು ಹಾಳೆಯೊಳಗೇ ಬೀಜವನ್ನಿರಿಸಿ ಮಣ್ಣಿನಲ್ಲಿ ಮೊಳೆಯಿಸುವ ಬೀಜದ ಕಾಗದವೆಂದು ನಾವು ಹೊಸದಾಗಿ ಕಲಿಯುತ್ತಿರುವ ವಿದ್ಯೆಯ ತತ್ತ್ವವೆಲ್ಲ ಆ ಗೋಡೆಯ ಮೇಲಿತ್ತು.

ಕಾಗದವೂ ಹುಟ್ಟಿನಿಂದ ಚಿಂದಿಯ ಸಂತಾನವೇ. ಕ್ರಿ.ಶ. 105ರಲ್ಲಿ ಚೀನಾದ ಚಕ್ರವರ್ತಿಗೆ ತ್ಸಾಯಿ ಲುನ್ ಒಪ್ಪಿಸಿದನೆನ್ನಲಾಗುವ ಕಾಗದವು ಮರದ ತೊಗಟೆ, ಹರಕುಬಟ್ಟೆ, ಹಳೆಯ ಮೀನುಬಲೆಗಳಿಂದಾದುದು. ಗಾಂಧೀಜಿಯವರು 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿ ಜೆ. ಸಿ. ಕುಮಾರಪ್ಪನವರ ಕೈಗೆ ಒಪ್ಪಿಸಿದಾಗ, ಅದು ಎತ್ತಿಹಿಡಿದ ಕಸಬುಗಳಲ್ಲಿ ಕೈಕಾಗದವೂ ಒಂದಾಗಿತ್ತು. ಆ ಕಾಗದದೊಳಗೆ ಬೀಜವನ್ನಿರಿಸುವುದು ಅದೇ ದಾರಿಯ ಮುಂದಿನ ಹೆಜ್ಜೆಯೆಂದು ನಾನು ಭಾವಿಸಿದ್ದೇನೆ.

ಈ ಕೆಲಸಕ್ಕೆ ವಿಶೇಷ ಸಾಧನವೇನೂ ಬೇಡ. ಮಕ್ಕಳ ಹಳೆಯ ನೋಟುಪುಸ್ತಕಗಳನ್ನು ಚೂರುಮಾಡಿ, ನುಣುಪು ಲೇಪವುಳ್ಳ ಹೊಳೆಯುವ ಹಾಳೆಗಳನ್ನು ಬೇರ್ಪಡಿಸಿ, ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ದೋಸೆಹಿಟ್ಟಿನ ಹದಕ್ಕೆ ರುಬ್ಬಬೇಕು. ರುಬ್ಬಿದ ಬಳಿಕವೇ ಸಾಸಿವೆ, ಕಾಮಕಸ್ತೂರಿ, ನವಣೆ ಮೊದಲಾದ ಸಣ್ಣ ಬೀಜಗಳನ್ನು ಸೇರಿಸಿ, ಜರಡಿಯ ಮೇಲೆ ತೆಳ್ಳಗೆ ಹರಡಿ, ನೀರು ಬಸಿದ ಮೇಲೆ ಹತ್ತಿಬಟ್ಟೆಗೆ ಮಗುಚಿ ಒತ್ತಿ, ಗಾಳಿಯಾಡುವ ನೆರಳಿನಲ್ಲಿ ಬೇಗನೆ ಒಣಗಿಸಬೇಕು. ಈ ಕಡೆಯ ಮಾತಿನ ಬೆಲೆ ನನಗೆ ತಿಳಿದದ್ದು ಆಷಾಢದ ಮೋಡ ಕವಿದ ಒಂದು ವಾರದಲ್ಲಿ: ಮೂರನೆಯ ಬೆಳಗ್ಗೆ ಹಾಳೆಯನ್ನೆತ್ತಿ ನೋಡಿದರೆ, ಸಾಸಿವೆಯು ಕಾಗದದ ತೇವವನ್ನೇ ಮಣ್ಣಿನ ತೇವವೆಂದು ನಂಬಿ ದಾರದಷ್ಟು ಬಿಳಿಯ ಮೊಳಕೆಯನ್ನು ಹೊರಚಾಚಿತ್ತು, ಹಾಳೆ ಒಣಗುವಷ್ಟರಲ್ಲಿ ಮೊಳಕೆಯೂ ಒಣಗಿಹೋಯಿತು. ಚೆನ್ನಾಗಿ ಒಣಗಿದ ಹಾಳೆಯಾದರೆ ಬೇಕಾದಾಗ ನೆನೆಸಿ, ಕುಂಡದಲ್ಲಿ ಹಾಸಿ, ಮೇಲೆ ತೆಳುವಾಗಿ ಪುಡಿಮಣ್ಣು ಉದುರಿಸಿ, ತೇವ ಆರದಂತೆ ನೋಡಿಕೊಂಡರೆ ಸಾಕು.

ಆದರೆ ಯಾವ ಬೀಜವೆಂಬ ವಿಚಾರದಲ್ಲಿ ಉದಾಸೀನ ಸಲ್ಲದು. ಅದನ್ನು ಕಲಿಸುವುದು ಅದೇ ಚಳ್ಳಕೆರೆ ಸೀಮೆಯಲ್ಲಿ ನಾಯಕನಹಟ್ಟಿಗೆ ಸಮೀಪದ ಕುದಾಪುರದ ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಸರ ದನಗಳ ಇಲಾಖೆಯಾಗಿದ್ದ ಬೆಣ್ಣೆಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲೆಂಬ ಹೆಸರು ಪಡೆದು, ಅದರ ದನಗಳಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳೆನಿಸಿದುವು. ಕುದಾಪುರದ್ದೂ ಅಂತಹ ಕಾವಲುಗಳಲ್ಲೊಂದು. ವರ್ಷಕ್ಕೆ 500 ಮಿಲಿಮೀಟರಿನಷ್ಟು ಮಳೆಯನ್ನೂ ಕಾಣದ ಸೀಮೆಯಲ್ಲಿ ಕಾವಲಿನ ಹುಲ್ಲು ತನ್ನ ಬೀಜವನ್ನು ತಾನೇ ಉದುರಿಸಿ, ಬೇಸಗೆಯನ್ನು ಸಹಿಸಿ, ಮಳೆಗೆ ತಾನೇ ಏಳುವುದು. ಅದಕ್ಕೆ ನಮ್ಮ ಹಾಳೆಯ ಉಪಕಾರ ಬೇಕಿಲ್ಲ. ಹೊರನಾಡಿನಿಂದ ಬಂದ ಬಳ್ಳಾರಿ ಜಾಲಿಯು ಈ ಬಯಲುಸೀಮೆಯ ಕೆರೆಯಂಗಳಗಳನ್ನು ಹೇಗೆ ಆಕ್ರಮಿಸಿತೆಂಬುದನ್ನು ಕಣ್ಣಾರೆ ಕಂಡವರು, ಹೂವು ಚೆಲುವಾಗಿದೆಯೆಂಬ ಒಂದೇ ಕಾರಣಕ್ಕೆ ಪರದೇಶದ ಬೀಜವನ್ನು ಹಾಳೆಯಲ್ಲಿ ಸೇರಿಸಿ ಬಯಲಿಗೆ ಎಸೆಯಲಾರರು. ನಮ್ಮ ಹಾಳೆಗೆ ಹಿತ್ತಿಲೇ ಕ್ಷೇತ್ರ, ಅಡಿಗೆಮನೆಯ ಡಬ್ಬಿಯೇ ಬೀಜದ ಭಂಡಾರ.

ಇದೇ ಸೀಮೆಯ ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕನ ಶಾಸನವನ್ನು ಬರೆದ ಚಪಡನು ತನ್ನ ಹೆಸರನ್ನೂ ಕೆಳಗೆ ಕಾಣಿಸಿದನು, 1892ರಲ್ಲಿ ಬಿ. ಎಲ್. ರೈಸರು ಅದನ್ನು ಪತ್ತೆಹಚ್ಚುವವರೆಗೂ ಆ ಅಕ್ಷರಗಳು ಬಿಸಿಲುಮಳೆಗಳನ್ನು ಸಹಿಸಿ ನಿಂತಿದ್ದುವು. ಧರ್ಮವನ್ನು ಹೇಳುವ ಮಾತಿಗೆ ಬಂಡೆಯೇ ತಕ್ಕ ಆಸನ. ಆದರೆ ಬೀಜದ ಹಾಳೆಯ ಮೇಲೆ ಬರೆದ ನಾಮಕರಣದ, ಗೃಹಪ್ರವೇಶದ ಕರೆಯೋಲೆಗೆ ಒಂದು ದಿನದ ಆಯುಷ್ಯವೇ ಸಾಕು. ಆ ದಿನ ಕಳೆದ ಮೇಲೆ ಅದು ಕುಂಡದ ಮಣ್ಣಿಗೆ ಇಳಿಯಲಿ. ಹಿಂದೆ ಕಡತದ ಮೇಲೆ ಚಿಂದಿ ಮಾಡುತ್ತಿದ್ದ ಕೆಲಸವನ್ನು ನೀರು ಮಾಡಲಿ, ಅಕ್ಷರ ಅಳಿದ ಎಡೆಯಲ್ಲಿ ಸಾಸಿವೆಯ ಎರಡೆಲೆ ಏಳಲಿ.