ತುಂಡಾಗಿ ಬರುವ ಅಕ್ಷರ: ಸ್ಟ್ರೀಮ್ ಡಿಕೋಡರ್‌ಗಳ ವಿನ್ಯಾಸ

ಮಧುಮೇಹಿಗಳಿಗೆ ಕನ್ನಡದಲ್ಲಿ ಕಳುಹಿಸಿದ ಸೂಚನೆಯಲ್ಲಿ ‘ಪಾದ’ವು ‘ಪದ’ವಾದರೆ ಕಾಗುಣಿತ ಪರೀಕ್ಷಿಸುವ ತಂತ್ರಾಂಶ ಅದನ್ನು ತಪ್ಪೆನ್ನದು, ಎರಡೂ ಸರಿಯಾದ ಶಬ್ದಗಳೇ. ವೈದ್ಯನಾದ ನನಗೆ ಡಿಕೋಡರ್‌ಗಳ ವಿನ್ಯಾಸ ಮುಖ್ಯವೆನಿಸುವುದು ಈ ಕಾರಣದಿಂದ.

ಅಬುಧಾಬಿಯ ‘ಮಲಫ್ಫಿ’, ದುಬೈಯ ‘ನಾಬಿದ್’ ವ್ಯವಸ್ಥೆಗಳ ಮೂಲಕ ಇಲ್ಲಿನ ಆಸ್ಪತ್ರೆಗಳು ರೋಗಿಗಳ ದಾಖಲೆಗಳನ್ನು ಹಂಚಿಕೊಳ್ಳುತ್ತವೆ. ಯಾವ ಜಾಲದಲ್ಲೇ ಆಗಲಿ, ಪಠ್ಯವು ಬೈಟ್‌ಗಳ ಪ್ರವಾಹವಾಗಿ, ತುಣುಕು ತುಣುಕಾಗಿ ಸಾಗುತ್ತದೆ. ಯುಟಿಎಫ್-8 ಸಂಕೇತದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಅರಬ್ಬಿಗೆ ಸಾಮಾನ್ಯವಾಗಿ 2, ಕನ್ನಡದ ಪ್ರತಿ ಚಿಹ್ನೆಗೆ 3. ಪ, ದೀರ್ಘದ ಚಿಹ್ನೆ, ದ ಸೇರಿ ‘ಪಾದ’ಕ್ಕೆ 9 ಬೈಟ್‌ಗಳು. ಮೊದಲ ತುಣುಕಿನಲ್ಲಿ 4, ಎರಡನೆಯದರಲ್ಲಿ 5 ಬಂದರೆ ದೀರ್ಘದ ಚಿಹ್ನೆ ಸೀಳಿಹೋಗುತ್ತದೆ. ತುಣುಕುಗಳನ್ನು ಪ್ರತ್ಯೇಕವಾಗಿ ಓದಿ, ಅರ್ಥವಾಗದ ಬೈಟ್‌ಗಳನ್ನು ಕೈಬಿಡುವ ಡಿಕೋಡರ್ ಕೊಡುವುದು ‘ಪದ’ವನ್ನೇ. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದವರಿಗೆ ಈ ದೋಷ ಕಾಣಿಸದು.

ಆದ್ದರಿಂದ ಒಳ್ಳೆಯ ಲೈಬ್ರರಿಯೊಂದರ ಡಿಕೋಡರ್‌ಗೆ ಮೂರು ಗುಣಗಳು ಬೇಕು. ಮೊದಲನೆಯದು ನೆನಪು: ಅಪೂರ್ಣ ಬೈಟ್‌ಗಳನ್ನು ಮುಂದಿನ ತುಣುಕು ಬರುವವರೆಗೆ ಕಾದಿಡಬೇಕು. ಎರಡನೆಯದು ಮುಕ್ತಾಯದ ಸೂಚನೆ: ಪ್ರವಾಹ ಮುಗಿಯಿತೆಂದು ತಿಳಿಸಿದಾಗ ಉಳಿದ ಅರೆಬೈಟ್‌ಗಳನ್ನು ದೋಷವೆಂದು ಸಾರಬೇಕು. ಮೂರನೆಯದು ದೋಷನೀತಿಯ ಆಯ್ಕೆ: ನಿಲ್ಲಿಸುವುದೋ, ಬದಲಿ ಚಿಹ್ನೆ ಇಡುವುದೋ, ಕೈಬಿಡುವುದೋ ಎಂಬುದನ್ನು ಬಳಸುವವರೇ ನಿರ್ಧರಿಸಬೇಕು. 2006ರಲ್ಲಿ ಬಂದ ಪೈಥಾನ್ 2.5 ಆವೃತ್ತಿಯ ಹಂತಹಂತದ ಡಿಕೋಡರ್‌ಗಳಲ್ಲಿ ಈ ಮೂರೂ ಇವೆ. ಇಂದಿನ ಬ್ರೌಸರ್‌ಗಳ ಟೆಕ್ಸ್ಟ್‌ಡಿಕೋಡರ್ ಕೂಡ ತುಣುಕುಗಳ ನಡುವೆ ನೆನಪಿಟ್ಟುಕೊಳ್ಳಬಲ್ಲದು; ಕೇಳಿಕೊಂಡರೆ ದೋಷ ಕಂಡೊಡನೆ ನಿಲ್ಲುತ್ತದೆ.

ಕಾದಿಡುವ ಅಗತ್ಯ ಬೈಟ್‌ಗಳಿಗಷ್ಟೇ ಸೀಮಿತವಲ್ಲ. ಯೂನಿಕೋಡ್‌ಪೂರ್ವದ ನುಡಿ, ಬರಹ ಫಾಂಟ್‌ಗಳ ಪಠ್ಯದಲ್ಲಿ ‘ಸೂರ್ಯ’ದ ಅರ್ಕಾವೊತ್ತು ಯಕಾರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರೇಫವೇ ಮೊದಲು. ಪರಿವರ್ತಕವು ಯಕಾರವನ್ನು ಕಂಡೊಡನೆ ಹೊರಗೆ ಬಿಟ್ಟರೆ ಕ್ರಮ ಕೆಡುತ್ತದೆ. ಒಂದು ಚಿಹ್ನೆ ಒಳಗೆ ಹೋದೊಡನೆ ಒಂದು ಅಕ್ಷರ ಹೊರಬರಲೇಬೇಕು ಎಂಬ ನಿಯಮವನ್ನು ಇಂಟರ್‌ಫೇಸ್ ಹೇರಬಾರದು. ಒಮ್ಮೊಮ್ಮೆ ಏನೂ ಬಾರದಿರಲು, ಒಮ್ಮೆಲೇ ಹಲವು ಬರಲು ಅವಕಾಶವಿರಬೇಕು.

ವೈದ್ಯಕೀಯ ಪಠ್ಯಕ್ಕೆ ‘ಕೈಬಿಡುವ’ ನೀತಿ ಸಲ್ಲದೆಂಬುದು ನನ್ನ ಅಭಿಪ್ರಾಯ. ಓದಲಾಗದ ಸೂಚನೆಯನ್ನು ಕಂಡ ದಾದಿ ಮತ್ತೊಮ್ಮೆ ಕೇಳುತ್ತಾಳೆ. ಸರಿಯೆಂಬಂತೆ ಕಾಣುವ ತಪ್ಪನ್ನು ಯಾರೂ ಪ್ರಶ್ನಿಸುವುದಿಲ್ಲ. ತಂತ್ರಾಂಶ ರಚಿಸುವ ಕನ್ನಡಿಗರು ‘ಪಾದ’ವನ್ನು ಪ್ರತಿಯೊಂದು ಬೈಟ್‌ನ ಬಳಿಯೂ ಕತ್ತರಿಸಿ ಪರೀಕ್ಷಿಸಲಿ. ಕತ್ತರಿಸಬಹುದಾದ ಸ್ಥಳಗಳು ಎಂಟೇ. ಎಂಟರಲ್ಲೂ ‘ಪಾದ’ವೇ ಹೊರಬರಬೇಕು.